ನೀಲಿ, 2 ಸೆಟ್

ಎರಡು ದಿನದಿಂದ ತಲೆಯಲ್ಲಿ ಒಂದೇ ಹುಳ. 'ನೀಲಿ, 2 ಸೆಟ್' ಅಂದರೆ ಏನು?

ಅಕ್ಷರ ನನ್ನದೇ. ಆ ಸೊಟ್ಟ 'ನೀ' ಪ್ರಪಂಚದಲ್ಲಿ ಇನ್ಯಾರೂ ಬರೆಯಲಾರರು. ಕೆಳಗೆ 749 ರೂಪಾಯಿ. ಅದರ ಕೆಳಗೆ 'ಇವತ್ತೇ ಲಾಸ್ಟ್!!!' ಅಂತ, ಎರಡೆರಡು ಅಡಿಗೆರೆ. ಪೆನ್ನು ಒತ್ತಿದ ರಭಸಕ್ಕೆ ಕಾಗದ ಒಂದು ಕಡೆ ಹರಿದಿದೆ. ಅಂದರೆ ಆ ರಾತ್ರಿ ನನಗೆ ಅದು ಬೇಕೇ ಬೇಕಿತ್ತು. ಆದರೆ ಏನದು? ಪರದೆಯೋ, ಬಕೆಟ್ಟೋ, ಚಡ್ಡಿಯೋ?

ಮೊದಲಿಂದ ಹೇಳುತ್ತೇನೆ.

ನಾನು ಕುಡಿಯುವುದಿಲ್ಲ, ಸೇದುವುದಿಲ್ಲ, ಇಸ್ಪೀಟ್ ಎಲೆ ಮುಟ್ಟಿದವನಲ್ಲ. ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು ಊರಲ್ಲಿ ವಿಚಾರಿಸಿದಾಗ 'ಹುಡುಗನಿಗೆ ಯಾವ ಚಟವೂ ಇಲ್ಲ' ಅಂತಲೇ ಎಲ್ಲರೂ ಹೇಳಿದ್ದರು. ಪಾಪ, ಅವರದ್ದೇನು ತಪ್ಪು? ಆಗ ಶಾಪಿಂಗ್ ಆ್ಯಪ್ ಇರಲಿಲ್ಲ. ನನ್ನ ಕೆಲಸ ಅಕೌಂಟ್ಸ್ ವಿಭಾಗದಲ್ಲಿ. ಹಗಲೆಲ್ಲ ಕಂಪನಿಯ ಬಿಲ್ಲುಗಳಿಗೆ 'ಇದು ಯಾಕೆ, ಅದು ಯಾಕೆ' ಅಂತ ಕೊಕ್ಕೆ ಹಾಕುತ್ತೇನೆ. ರಾತ್ರಿ ಹನ್ನೊಂದೂವರೆಗೆ ಹಾಸಿಗೆಯಲ್ಲಿ ಮಲಗಿಕೊಂಡು, ಕಾಯಿ ತುರಿಯುವ ಕರೆಂಟ್ ಯಂತ್ರ ಕೊಳ್ಳುತ್ತೇನೆ.

ಕೊಂಡಿದ್ದರಲ್ಲೆಲ್ಲ ದೊಡ್ಡ ಸಾಧನೆ ಪ್ರೆಷರ್ ವಾಷರ್. ಕಾರು ತೊಳೆಯುವುದು. ನಮ್ಮ ಹತ್ತಿರ ಕಾರಿಲ್ಲ. ಸ್ಕೂಟರ್ ಒಂದಿದೆ, ಅದನ್ನು ಮಳೆಗಾಲದಲ್ಲಿ ದೇವರೇ ತೊಳೆಯುತ್ತಾನೆ. ಆ ವಾಷರ್ ಮನೆಗೆ ಬಂದಿದ್ದು 2024ರ ಫೆಬ್ರವರಿ ಕೊನೆಗೆ. ಮಾರ್ಚ್‌ನಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್ ಬತ್ತಿ, ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ನಾವು ಮೂರು ಜನ ಟ್ಯಾಂಕರ್ ದಾರಿ ಕಾಯುತ್ತಾ ಅರ್ಧರ್ಧ ಬಕೆಟ್‌ನಲ್ಲಿ ಸ್ನಾನ ಮುಗಿಸುತ್ತಿದ್ದೆವು. ಪ್ರೆಷರ್ ವಾಷರ್ ಅಟ್ಟದ ಮೇಲೆ ಡಬ್ಬದೊಳಗೆ ತಣ್ಣಗೆ ಮಲಗಿತ್ತು.

ಡ್ರಿಲ್ಲಿಂಗ್ ಮಷಿನ್ ಎರಡಿವೆ. ನಾವಿರುವುದು ಬಾಡಿಗೆ ಮನೆಯಲ್ಲಿ. ಓನರ್ ಕ್ಯಾಲೆಂಡರ್‌ಗೆ ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ. ಎರಡನೆಯದು ಯಾಕೆ ಅಂತೀರಾ? ಮೊದಲನೆಯದು ಇರುವುದು ಮರೆತೇಹೋಗಿತ್ತು.

ಅಡ್ಡಿ ಬರಲಿಲ್ಲ ಅಂತಲ್ಲ. 2022ರ ಅಕ್ಟೋಬರ್ 1ರಿಂದ ಆನ್‌ಲೈನ್ ಅಂಗಡಿಗಳು ನಮ್ಮ ಕಾರ್ಡ್ ನಂಬರ್ ಇಟ್ಟುಕೊಳ್ಳುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ ಬಂತು. ಅವರ ಲೆಕ್ಕ ಕಳ್ಳರ ಕಾಟ ತಪ್ಪಿಸುವುದು. ಆದರೆ ಎದ್ದು ಹೋಗಿ ಪ್ಯಾಂಟ್ ಜೇಬಿಂದ ಕಾರ್ಡ್ ತರುವಷ್ಟರಲ್ಲಿ ಎಷ್ಟೋ ಜನರಿಗೆ ಬುದ್ಧಿಯೂ ಬಂದಿರಬಹುದು. ನನಗೆ ಹದಿನಾರೂ ಅಂಕಿ ಬಾಯಿಪಾಠ ಆಯಿತು. ಹಿಂಬದಿಯ ಮೂರು ಅಂಕಿ ಸಮೇತ. ಹೆಂಡತಿಯ ಫೋನ್ ನಂಬರ್ ಇವತ್ತಿಗೂ ನೋಡದೆ ಹೇಳಲು ಬರುವುದಿಲ್ಲ.

ಸಿಕ್ಕಿಬಿದ್ದಿದ್ದು ದಸರಾದಲ್ಲಿ. ಗೊಂಬೆ ಕೂರಿಸಲು ಪಟ್ಟದ ಗೊಂಬೆಗಳ ಪೆಟ್ಟಿಗೆ ಇಳಿಸೋಣ ಅಂತ ಹೆಂಡತಿ ಸ್ಟೂಲ್ ಹತ್ತಿ ಅಟ್ಟದ ಬಾಗಿಲು ಎಳೆದಳು. ಗೊಂಬೆ ಬರಲಿಲ್ಲ, ಡಬ್ಬಗಳು ಬಂದವು. ಒಂದರ ಹಿಂದೆ ಒಂದು, ದಿಬ್ಬಣದ ಹಾಗೆ. ಹನ್ನೊಂದು ಡಬ್ಬಗಳ ಟೇಪನ್ನೇ ಬಿಚ್ಚಿರಲಿಲ್ಲ. ಅವಳು ಕೂಗಾಡಲಿಲ್ಲ. ನನಗೆ ಭಯ ಆಗಿದ್ದೇ ಅದಕ್ಕೆ. ಎಲ್ಲವನ್ನೂ ಬಟ್ಟೆಯಲ್ಲಿ ಒರೆಸಿ, ಗೊಂಬೆ ಮೆಟ್ಟಿಲ ಪಕ್ಕದಲ್ಲೇ ಸಾಲಾಗಿ ಜೋಡಿಸಿದಳು. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯವರು ಡಬ್ಬಗಳನ್ನು ನೋಡಿ, "ಈ ಸಲ ಏನ್ರೀ ಥೀಮು?" ಅಂತ ಕೇಳಿದರು.

"ನಮ್ಮ ಯಜಮಾನರು" ಅಂದಳು.

ಗೊಂಬೆ ಎತ್ತಿಟ್ಟ ಮೇಲೆ ಲೆಕ್ಕಕ್ಕೆ ಕೂತೆವು. ಎರಡು ಕಾರ್ಡ್ ಸೇರಿ 2,86,000 ರೂಪಾಯಿ ಬಾಕಿ. ತಿಂಗಳು ತಿಂಗಳು 'ಕನಿಷ್ಠ ಪಾವತಿ' ಅಂತ ಬರುವುದನ್ನು ಕಟ್ಟಿ, ಸಾಲ ತೀರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟ್. ಕೇಳಲು ಎಷ್ಟು ಪುಟ್ಟದು ಅಲ್ವಾ? ವರ್ಷಕ್ಕೆ 42. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಂದು ಲಕ್ಷದ ಬಾಕಿಗೆ 5,000 ಕಟ್ಟಿದರೆ 3,500 ಬಡ್ಡಿಗೆ ಹೋಯಿತು, 630 ತೆರಿಗೆಗೆ ಹೋಯಿತು. ಸಾಲ ಕರಗಿದ್ದು 870 ರೂಪಾಯಿ. ಬಾಕಿ ಉಳಿಸಿಕೊಂಡವನಿಗೆ ಆ 45 ದಿನ, 50 ದಿನ ಬಡ್ಡಿಯಿಲ್ಲ ಅನ್ನುವ ಮಾತೂ ಇಲ್ಲ. ಹೊಸದಾಗಿ ತಗೊಂಡ ಹಲ್ಲುಜ್ಜುವ ಬ್ರಷ್‌ಗೂ ಕೊಂಡ ದಿನದಿಂದಲೇ ಬಡ್ಡಿ. ಊರಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿ ಹಾಕುವವರನ್ನು ರಕ್ತ ಹೀರುವವರು ಅಂತ ಬೈಯುತ್ತಿದ್ದರು. ಇವರು ಮೂರೂವರೆ ತಗೊಂಡು ಹುಟ್ಟುಹಬ್ಬಕ್ಕೆ ಶುಭಾಶಯ ಬೇರೆ ಕಳಿಸುತ್ತಾರೆ.

ಕೊನೆಗೆ 14 ಪರ್ಸೆಂಟ್‌ಗೆ ಪರ್ಸನಲ್ ಲೋನ್ ತೆಗೆದು ಎರಡೂ ಕಾರ್ಡಿನ ಬಾಕಿ ತೀರಿಸಿದೆವು. ಮೂವತ್ತಾರು ಕಂತು, ತಿಂಗಳಿಗೆ 9,775. ಹದಿನಾಲ್ಕು ಕಟ್ಟಿದ್ದೇನೆ. ಇಪ್ಪತ್ತೆರಡಿವೆ.

ಕಾರ್ಡ್ ಕತ್ತರಿಸುವ ಕಾರ್ಯಕ್ರಮ ಅಡುಗೆಮನೆಯಲ್ಲಿ ನಡೆಯಿತು. ಅದೇ ಕಾರ್ಡಿನಲ್ಲಿ ಕೊಂಡ, ಏಳು ಕೆಲಸ ಮಾಡುತ್ತದೆ ಅಂತ ಬರೆದಿದ್ದ ಕತ್ತರಿ ತಂದೆ. ಅದಕ್ಕೆ ಕಾರ್ಡ್ ಕತ್ತರಿಸುವುದು ಎಂಟನೇ ಕೆಲಸವಂತೆ ಕಾಣುತ್ತದೆ, ಹಿಡಿಕೆ ಕಿತ್ತು ಕೈಗೆ ಬಂತು. ಆಮೇಲೆ ಅಮ್ಮನ ಹಳೇ ಅಡಕತ್ತರಿಯಲ್ಲಿ ಹೆಂಡತಿ ಎರಡನ್ನೂ ಕಟಕ್ ಕಟಕ್ ಅಂತ ಬಟ್ಟಲಡಕೆ ಮಾಡಿ ಕಸದ ಬುಟ್ಟಿಗೆ ಸುರಿದಳು.

ಅದಾದ ವಾರಕ್ಕೇ ಬ್ಯಾಂಕಿನ ಕಡೆಯಿಂದ ಒಂದು ಹೆಣ್ಣು ದನಿ. "ಸರ್, ನೀವು ಒಳ್ಳೆ ಕಸ್ಟಮರ್. ಲಿಮಿಟ್ ಜಾಸ್ತಿ ಮಾಡ್ತೀವಿ, ಬರೀ ಎಸ್ ಅನ್ನಿ ಸಾಕು." ನಾವು ಒಪ್ಪದೆ ಲಿಮಿಟ್ ಏರಿಸಬಾರದು ಅಂತ ನಿಯಮ ಇದೆ, ಅದಕ್ಕೇ ಈ ಕೇಳಾಟ. ಕಾರ್ಡ್ ಅಡಕತ್ತರಿಗೆ ಹೋಗಿದೆಯಮ್ಮಾ ಅಂದೆ. "ಪರವಾಗಿಲ್ಲ ಸರ್, ಹೊಸದು ಫ್ರೀಯಾಗಿ ಕಳಿಸ್ತೀವಿ" ಅಂದಳು. ನಾನು ಸಾಯುವುದನ್ನು ನೋಡಲು ಇಷ್ಟು ಪ್ರೀತಿಯಿಂದ ಯಾರೂ ಕಾದಿಲ್ಲ.

ಈಗ ಚೀಟಿ ಡಬ್ಬದ ವಿಷಯ. ನನ್ನ ಅತ್ತೆ ಬೀದಿಯ ಹೆಂಗಸರನ್ನೆಲ್ಲ ಸೇರಿಸಿ ಇಪ್ಪತ್ತು ವರ್ಷ ಚೀಟಿ ನಡೆಸಿದವರು. ಒಬ್ಬರ ದುಡ್ಡೂ ಮುಳುಗಿಸಿದವರಲ್ಲ. ಅವರ ಮಗಳು ನನಗೊಂದು ಚೀಟಿ ಶುರು ಮಾಡಿದಳು. ಏನಾದರೂ ಕೊಳ್ಳಬೇಕು ಅನ್ನಿಸಿದರೆ ಕೊಳ್ಳುವ ಹಾಗಿಲ್ಲ. ವಸ್ತು, ಬೆಲೆ, ಕಾರಣ ಬರೆದು ಹಳೇ ಬೋರ್ನ್‌ವೀಟಾ ಡಬ್ಬಕ್ಕೆ ಹಾಕಬೇಕು. ಅಮಾವಾಸ್ಯೆ ರಾತ್ರಿ ಊಟ ಆದ ಮೇಲೆ ಚೀಟಿ ಎತ್ತುವುದು. ಅಮಾವಾಸ್ಯೆಯೇ ಯಾಕೆ ಅಂದರೆ, ಆ ದಿನ ಹೊಸ ವಸ್ತು ಕೊಳ್ಳಬಾರದು ಅಂತ ಅವರ ತವರಿನ ಪದ್ಧತಿ. ಅಂದರೆ ಚೀಟಿ ಪಾಸಾದರೂ ಆ ರಾತ್ರಿ ಕೊಳ್ಳುವಂತಿಲ್ಲ. ಇಂಥ ತಲೆ ನಮ್ಮ ಆಫೀಸಿನಲ್ಲಿ ಒಬ್ಬರಿಗೂ ಇಲ್ಲ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅವಳು ಅದನ್ನು ಓದುವ ರೀತಿ ಇದೆಯಲ್ಲ, ಅದು ನನಗೆ ಆಗುವುದಿಲ್ಲ. ಕನ್ನಡಕ ಹಾಕಿಕೊಳ್ಳುತ್ತಾಳೆ. ಗಂಟಲು ಸರಿಮಾಡಿಕೊಳ್ಳುತ್ತಾಳೆ. ಆಮೇಲೆ ಮದುವೆ ಮನೆಯಲ್ಲಿ ಮುಯ್ಯಿ ಓದುವವರ ಹಾಗೆ ದೊಡ್ಡ ದನಿಯಲ್ಲಿ ಓದುತ್ತಾಳೆ. ಅಡುಗೆಮನೆ ಕಿಟಕಿ ತೆರೆದೇ ಇರುತ್ತದೆ.

"ಟೆಂಟು. ನಾಲ್ಕು ಜನಕ್ಕೆ. 3,499. ಕಾರಣ: ಪ್ರಕೃತಿ." ಕನ್ನಡಕದ ಮೇಲಿಂದ ನನ್ನ ಕಡೆ ನೋಡುತ್ತಾಳೆ. "ನಾವಿರೋದು ಮೂರು ಜನ. ನಾಲ್ಕನೆಯವರು ಯಾರ್ರೀ, ಸಾಲ ಕೊಟ್ಟವರಾ?"

ಮಗಳು ಬಿದ್ದು ಬಿದ್ದು ನಗುತ್ತಾಳೆ.

"ಕೈಗೆ ಮಸಾಜ್ ಮಾಡೋ ಯಂತ್ರ. 1,899. ಕಾರಣ: ಕೈ ನೋವು. ಯಾವ ಕೈ? ಫೋನ್ ತಿಕ್ಕೋ ಕೈಯಾ?"

"ಡಬ್ಬಗಳನ್ನು ಹಾಕಿಡಲು ಡಬ್ಬ. ಆರರ ಸೆಟ್. ಕಾರಣ: ಅಟ್ಟದಲ್ಲಿ ಡಬ್ಬ ಜಾಸ್ತಿಯಾಗಿದೆ." ಇದನ್ನು ಮೂರು ಸಲ ಓದಿದಳು. ಎದುರು ಮನೆಯಲ್ಲಿ ಯಾರೋ ನಕ್ಕಿದ್ದು ಕೇಳಿಸಿತು.

ನಾನು ಸುಮ್ನೆ ಕೂತು ಮಜ್ಜಿಗೆ ಕುಡಿಯುತ್ತೇನೆ. ಹೇಳಲು ಏನಿದೆ? ಅವಳು ಓದುವಾಗ ಎಲ್ಲವೂ ಯಾರೋ ತಲೆಕೆಟ್ಟವನು ಬರೆದ ಹಾಗೆಯೇ ಕೇಳಿಸುತ್ತದೆ. ಬರೆಯುವಾಗ ಮಾತ್ರ ಒಂದೊಂದೂ ಜೀವನ್ಮರಣದ ಪ್ರಶ್ನೆ. ಮೊದಲ ತಿಂಗಳು ಇಪ್ಪತ್ತಮೂರು ಚೀಟಿ ಇದ್ದವು. ಮೊನ್ನೆ ಅಮಾವಾಸ್ಯೆಗೆ ನಾಲ್ಕು. ಮೂರು ಸಲೀಸಾಗಿ ಕಸಕ್ಕೆ ಹೋದವು. ನಾಲ್ಕನೆಯದನ್ನು ಬಿಚ್ಚಿ ಗಂಟಲು ಸರಿಮಾಡಿಕೊಂಡಳು.

"ನೀಲಿ. 2 ಸೆಟ್. 749. ಇವತ್ತೇ ಲಾಸ್ಟ್." ನಿಲ್ಲಿಸಿದಳು. ಹಿಂದೆ ತಿರುಗಿಸಿ ನೋಡಿದಳು. "ಏನ್ರೀ ಇದು?"

"ಅದು..." ಅಂದೆ. ಬಾಯಿ ತೆರೆದೇ ಇತ್ತು, ಒಳಗಿಂದ ಏನೂ ಬರಲಿಲ್ಲ.

ಆ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಹನ್ನೆರಡು ಗಂಟೆಗೆ ಹತ್ತು ನಿಮಿಷ ಇತ್ತು. ಅವಳ ಭುಜ ಅಲುಗಾಡಿಸಿ ಎಬ್ಬಿಸಿ, "ಇದೊಂದಕ್ಕೆ ಹೂಂ ಅನ್ನು ಕಣೇ, ಇನ್ನು ಈ ಜನ್ಮದಲ್ಲಿ ಏನೂ ಕೇಳಲ್ಲ" ಅಂದಿದ್ದೆ. "ಚೀಟಿ ಹಾಕಿ" ಅಂತ ಗೋಡೆ ಕಡೆ ತಿರುಗಿಕೊಂಡಿದ್ದಳು. ಸಿಟ್ಟಿಗೆ ಎರಡು ದಿನ ಸರಿಯಾಗಿ ಮಾತಾಡಿರಲಿಲ್ಲ ನಾನು. ಅಷ್ಟು ಜಗಳ ಆಡಿದ್ದು ಯಾವುದಕ್ಕೆ ಅಂತ ಈಗ ಇಬ್ಬರಿಗೂ ಗೊತ್ತಿಲ್ಲ.

ಮನೆಯಲ್ಲಿ ಪಂದ್ಯವೇ ಶುರುವಾಯಿತು. ಟವೆಲ್ಲು ಅಂದಳು ಹೆಂಡತಿ. ಬಾತ್‌ರೂಮ್ ಮ್ಯಾಟ್ ಅಂದಳು ಮಗಳು. ಅಲ್ಲ, ಮ್ಯಾಟ್ ಹೋದ ವರ್ಷ ತಗೊಂಡಿದ್ದು, ಅಟ್ಟದಲ್ಲೇ ಇದೆ. ಸ್ಕ್ರೂ ಡ್ರೈವರ್? ನೀರಿನ ಬಾಟ್ಲಿ? ದಿಂಬಿನ ಕವರ್? ಒಂದೊಂದು ಹೆಸರು ಬಂದಾಗಲೂ 'ಇರಬಹುದು' ಅನ್ನಿಸುತ್ತದೆ. 'ಹೌದು, ಅದೇ' ಅಂತ ಮನಸ್ಸು ಹಾರಬೇಕಲ್ಲ, ಹಾರುವುದಿಲ್ಲ.

ಬೆಳಿಗ್ಗೆ ಊರಿಂದ ಅಮ್ಮ ಫೋನ್ ಮಾಡಿದಾಗ ಮಗಳು ಅವಳಿಗೂ ಒಗಟು ಹಾಕಿದಳು. ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ನೀಲಿ ಎರಡಾ? ಅಂಗಿ ಇರಬೇಕು ಬಿಡು. ನಿಮ್ಮಪ್ಪಂಗೂ ನಿಮ್ಮ ಚಿಕ್ಕಪ್ಪಂಗೂ ತಾತ ಒಂದೇ ಥಾನಿಂದ ಹರಿಸಿಕೊಂಡು ಬರ್ತಿದ್ದರಲ್ಲ, ಯಾವಾಗಲೂ ನೀಲಿನೇ."

ನಿಜ. ನಮ್ಮದು ತಿಪಟೂರು ಕಡೆ. ಆ ಮನೆಯ ಅಟ್ಟದ ಮೇಲೆ ತೆಂಗಿನಕಾಯಿ ತುಂಬಿರುತ್ತಿದ್ದವು. ಕಾಯಿ ಅಲ್ಲೇ ಹೆಚ್ಚೂಕಮ್ಮಿ ವರ್ಷ ಒಣಗಬೇಕು, ಆಗ ಉಂಡೆ ಕೊಬ್ಬರಿ. ಆಗೀಗ ಅಪ್ಪ ಏಣಿ ಹತ್ತಿ ಒಂದು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅನ್ನಬೇಕು. ಅನ್ನದಿದ್ದರೆ ತಲೆ ಅಲ್ಲಾಡಿಸುತ್ತಾ ಇಳಿದು ಬರುತ್ತಿದ್ದರು. ನಾನು ಕೇಳಿದ ಜ್ಯಾಮಿಟ್ರಿ ಬಾಕ್ಸ್, ತಮ್ಮನ ಚಪ್ಪಲಿ, ಅಮ್ಮನ ಕುಕ್ಕರ್, ಎಲ್ಲವೂ ಆ ಗುಡುಗುಡುಗೆ ಕಾಯಬೇಕು. ಕೊಬ್ಬರಿ ಮಾರ್ಕೆಟ್ಟಿಗೆ ಹೋಗಿ ಬಂದ ಸಂಜೆ ಅಪ್ಪ ಮೊದಲು ಬಟ್ಟೆ ಅಂಗಡಿಯ ಹಳೇ ಬಾಕಿ ತೀರಿಸಿ, ಪುಸ್ತಕದಲ್ಲಿ ಗೆರೆ ಹೊಡೆಸುತ್ತಿದ್ದರು. ಆಮೇಲೆ ಥಾನು ಬಿಚ್ಚಿಸುತ್ತಿದ್ದರು. ಹೊಸ ಬಟ್ಟೆಯ ಗಂಜಿ ವಾಸನೆ. ಆ ಅಂಗಿಗಳಲ್ಲಿ ಒಂದೊಂದೂ ನನಗೆ ನೆನಪಿದೆ, ಜೇಬು ಎಲ್ಲಿ ಹರಿದಿತ್ತು ಅನ್ನುವುದೂ. ಹೋದ ತಿಂಗಳ 749 ರೂಪಾಯಿಯದು ನೆನಪಿಲ್ಲ.

ಆದರೆ ಅಂಗಿ ಅಲ್ಲ ಅದು. 749ಕ್ಕೆ ಎರಡು ಅಂಗಿ ಬಂದರೂ ಕಾರಣ ಬರೆದಿರುತ್ತಿದ್ದೆ.

ನಿನ್ನೆ ರಾತ್ರಿ ತಡೆಯಲಾಗಲಿಲ್ಲ. ಎಲ್ಲರೂ ಮಲಗಿದ ಮೇಲೆ ಹೊದಿಕೆಯೊಳಗೆ ಫೋನ್ ಹಿಡಿದು, ಹದಿನಾಲ್ಕು ತಿಂಗಳ ಹಿಂದೆ ತೆಗೆದುಹಾಕಿದ್ದ ಆ್ಯಪ್ ಮತ್ತೆ ಹಾಕಿಕೊಂಡೆ. ಅಲ್ಲಿಯವರೆಗೆ ಜಾಹೀರಾತು ನೋಡಿ ಚೀಟಿ ಬರೆಯುತ್ತಿದ್ದೆನೇ ಹೊರತು ಆ್ಯಪ್ ಮುಟ್ಟಿರಲಿಲ್ಲ. ಕೊಳ್ಳಲು ಅಲ್ಲ, ಸುಮ್ನೆ ಏನು ಅಂತ ತಿಳಿದುಕೊಳ್ಳಲು. ಕಾರ್ಡ್ ಅಂತೂ ಇಲ್ಲ. 'ನಿಮ್ಮನ್ನು ತುಂಬಾ ಮಿಸ್ ಮಾಡಿಕೊಂಡೆವು' ಅಂತ ಬಂತು. 'ನೀಲಿ, ಎರಡರ ಸೆಟ್' ಅಂತ ಹಾಕಿದೆ. ಸಾವಿರಾರು ಬಂದವು. ಬೆರಳು ತಾನಾಗೇ ಮೇಲಕ್ಕೆ ಸರಿಸತೊಡಗಿತು. ನೀಲಿ ಹೂಕುಂಡ, ನೀಲಿ ಜರಡಿ, ನೀಲಿ ನಾಯಿ ಬೆಲ್ಟು.

"ಸಿಕ್ತಾ?"

ಎದೆ ಧಸಕ್ಕೆಂದಿತು. ಅವಳು ಕತ್ತಲಲ್ಲಿ ಎದ್ದು ಕೂತಿದ್ದಳು. ಇನ್ನು ಮಂಗಳಾರತಿ ಅಂದುಕೊಂಡೆ. ಅವಳು ತಲೆದಿಂಬಿನ ಪಕ್ಕ ತಡಕಿ ಕನ್ನಡಕ ಹಾಕಿಕೊಂಡಳು.

"ಇಲ್ಲಿ ಕೊಡಿ. ನಂಗೂ ಎರಡು ದಿನದಿಂದ ನಿದ್ದೆ ಇಲ್ಲ. ಬೆಲೆ ಹಾಕಿ ಹುಡುಕಿದ್ರಾ?"

ಒಂದು ಗಂಟೆಯವರೆಗೆ ಇಬ್ಬರೂ ಹುಡುಕಿದೆವು. ಸಿಗಲಿಲ್ಲ. ಒಂದು ಕಡೆ ಅವಳ ಬೆರಳು ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಬಂತು.

"ಈ ಹಸಿರು ಚೆನ್ನಾಗಿದೆ ಅಲ್ವಾ?"

ನಾನು ಉಸಿರೆತ್ತಲಿಲ್ಲ. ಅವಳೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಅಡುಗೆಮನೆ ಲೈಟ್ ಹಾಕಿದಳು. ಬೋರ್ನ್‌ವೀಟಾ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಹೋಗಿ ನೋಡಿದೆ. ಮುತ್ತಿನಂಥ ಅಕ್ಷರ, ನೀಟಾಗಿ ಮಡಿಸಿಟ್ಟಿದ್ದಾಳೆ.

'ಹಸಿರು. 1.'

ಬೇರೆ ಏನೂ ಬರೆದಿಲ್ಲ.