ಅತ್ತೆಗೆ ಮೀಸೆ ಬಂದರೆ ಇಂಗ್ಲಿಷಿನಲ್ಲಿ ಏನನ್ನಬೇಕು?

‘ಅತ್ತೆಗೆ ಮೀಸೆ ಇದ್ದಿದ್ದರೆ ಮಾವ ಅಂತಿದ್ದೆವು’ ಎಂದು ಕನ್ನಡದಲ್ಲಿ ಹೇಳಿ ಆರಾಮಾಗಿ ಕಾಫಿ ಕುಡಿಯಬಹುದು. ಅದನ್ನೇ ಇಂಗ್ಲಿಷಿಗೆ ದಾಟಿಸಲು ಹೋದರೆ, ಅತ್ತೆಗೆ ಮೀಸೆ ಚಿಗುರುವ ಮೊದಲೇ ವಾಕ್ಯದ ತುಂಬ ‘ವುಡ್’ ಚಿಗುರಿಬಿಡುತ್ತದೆ.

ಬೆಳಿಗ್ಗೆ ಒಂಬತ್ತೂವರೆಗೆ ಮ್ಯಾನೇಜರಿಗೆ ಹೋಗುವ ಸಂದೇಶವನ್ನೇ ನೋಡಿ: ‘ಸಾರ್, ಇಫ್ ದ ಟೈರ್ ವುಡ್ ನಾಟ್ ಹ್ಯಾವ್ ಪಂಕ್ಚರ್ಡ್, ಐ ವುಡ್ ಹ್ಯಾವ್ ಕೇಮ್ ಆನ್ ಟೈಮ್.’ ಟೈರಿನಲ್ಲಿ ಒಂದು ತೂತು, ವಾಕ್ಯದಲ್ಲಿ ಎರಡು. ಮೊದಲನೆಯದು, ‘ಇಫ್’ ಇರುವ ಭಾಗಕ್ಕೆ ‘ವುಡ್’ ನುಗ್ಗಿದ್ದು. ಅಲ್ಲಿ ಬೇಕಾದದ್ದು ‘ಹ್ಯಾಡ್‌ನ್ಟ್ ಪಂಕ್ಚರ್ಡ್’. ಎರಡನೆಯದು, ‘ಹ್ಯಾವ್’ ಆದಮೇಲೆ ‘ಕೇಮ್’ ಬಂದದ್ದು. ಅಲ್ಲಿಗೆ ಸಲ್ಲುವುದು ಕ್ರಿಯಾಪದದ ಮೂರನೇ ರೂಪ: ಕಮ್, ಕೇಮ್, ಕಮ್. ಮೊದಲ ತೂತು ನಮ್ಮೂರಿನದು ಮಾತ್ರವಲ್ಲ ಎಂಬುದೊಂದು ಸಮಾಧಾನ. ಅಮೆರಿಕದವರೂ ಮಾತಿನ ಭರದಲ್ಲಿ ‘ಇಫ್ ಐ ವುಡ್ ಹ್ಯಾವ್ ನೋನ್’ ಅಂದುಬಿಡುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ಈ ಸಮಾಧಾನಕ್ಕೆ ಅಂಕವಿಲ್ಲ.

ಈಗ ಕೈಯಲ್ಲಿಲ್ಲದ ದುಡ್ಡಿನ ಬಗ್ಗೆ ‘ಇಫ್ ಐ ಹ್ಯಾಡ್ ಮನಿ’ ಎನ್ನಬೇಕು; ಈಗಿನ ಮಾತಿಗೆ ಭೂತಕಾಲ ಯಾಕಪ್ಪಾ ಎಂದು ಇಂಗ್ಲಿಷನ್ನು ಬೈಯುವವರು ‘ಬಂದರೆ’ ಎಂಬುದನ್ನು ಒಡೆದು ನೋಡಬೇಕು. ಒಳಗೆ ಕೂತಿರುವುದು ‘ಬಂದ’. ‘ನಾಳೆ ಮಳೆ ಬಂದರೆ’ ಎನ್ನುವಾಗ ನಾಳೆಯ ಮಳೆಗೆ ನಿನ್ನೆಯ ಅಂಗಿ ತೊಡಿಸುತ್ತೇವೆ, ಯಾರೂ ಚಕಾರ ಎತ್ತುವುದಿಲ್ಲ. ನಿಜವಾದ ತೊಡಕು ಬೇರೆ ಇದೆ. ನಮ್ಮ ‘ರೆ’ ಎರಡು ಪಾಳಿಯಲ್ಲಿ ದುಡಿಯುತ್ತದೆ. ‘ದುಡ್ಡಿದ್ದರೆ ಕೊಡ್ತೀನಿ’ ಅಂದರೆ ಇನ್ನೂ ಆಸೆಯಿದೆ. ‘ದುಡ್ಡಿದ್ದರೆ ಕೊಡ್ತಿದ್ದೆ’ ಅಂದರೆ ಚಪ್ಪಲಿ ಹಾಕಿಕೊಂಡು ಹೊರಡಬಹುದು. ಮೊದಲರ್ಧ ಎರಡರಲ್ಲೂ ಒಂದೇ, ಹಾಗಾಗಿ ಸಾಲ ಕೇಳುವವರು ವಾಕ್ಯ ಮುಗಿಯುವವರೆಗೆ ಉಸಿರು ಬಿಗಿಹಿಡಿದಿರಬೇಕು. ಇಂಗ್ಲಿಷ್ ಈ ವಿಷಯದಲ್ಲಿ ಕರುಣಾಮಯಿ. ‘ಇಫ್ ಐ ಹ್ಯಾವ್’ ಎಂದರೆ ಆಸೆ, ‘ಇಫ್ ಐ ಹ್ಯಾಡ್’ ಎಂದರೆ ಬಾಗಿಲಲ್ಲೇ ನಮಸ್ಕಾರ.

ರಿಪೇರಿ ಕಷ್ಟವಲ್ಲ. ಸಂಗತಿ ಈಗಿನದೋ ಆಗಿಹೋದದ್ದೋ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಬರೀ ಕಲ್ಪನೆಯಾದರೆ ‘ಇಫ್’ ಭಾಗವನ್ನು ಒಂದು ಗೇರು ಹಿಂದಕ್ಕೆ ಹಾಕಿ: ಈಗಿನ ಕಲ್ಪನೆಗೆ ‘ಹ್ಯಾಡ್’, ‘ನ್ಯೂ’, ‘ವರ್’, ಕಳೆದದ್ದರ ಕಲ್ಪನೆಗೆ ‘ಹ್ಯಾಡ್ ಹ್ಯಾಡ್’, ‘ಹ್ಯಾಡ್ ನೋನ್’, ‘ಹ್ಯಾಡ್ ಬೀನ್’. ‘ಹ್ಯಾಡ್ ಹ್ಯಾಡ್’ ಅಚ್ಚಿನ ತಪ್ಪಲ್ಲ, ಹೆದರಬೇಡಿ. ಇನ್ನೊಂದು ಭಾಗಕ್ಕೆ ಈಗಿನದಾದರೆ ‘ವುಡ್ ಗೋ’, ಕಳೆದದ್ದಾದರೆ ‘ವುಡ್ ಹ್ಯಾವ್ ಗಾನ್’. ಎರಡು ಭಾಗಗಳ ಕಾಲ ಒಂದೇ ಇರಬೇಕೆಂಬ ಕಟ್ಟಳೆಯೂ ಇಲ್ಲ: ‘ಇಫ್ ಐ ಹ್ಯಾಡ್ ಸ್ಟಡೀಡ್ ದೆನ್, ಐ ವುಡ್ ಬಿ ಇನ್ ಎ ಜಾಬ್ ನೌ.’ ಓದದೇ ಇದ್ದದ್ದು ಅಂದು, ಅನುಭವಿಸುತ್ತಿರುವುದು ಇಂದು.

‘ಐ’ಗೆ ಅಂಟಿಕೊಳ್ಳುವ ಆ ಪುಟಾಣಿ ‘ಡ್’ ಶುದ್ಧ ಕಿಲಾಡಿ. ‘ಐಡ್ ಗೋ’ ಎಂದರೆ ವುಡ್, ‘ಐಡ್ ಗಾನ್’ ಎಂದರೆ ಹ್ಯಾಡ್. ಮುಂದಿನ ಪದದ ರೂಪ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ‘ಹೀಡ್ ಕಮ್’ನಂಥದ್ದು ಬಂದಾಗ ಮಾತ್ರ ಒಂದನೇ ರೂಪವೂ ಮೂರನೇ ರೂಪವೂ ಒಂದೇ ಆದ್ದರಿಂದ ಅಕ್ಕಪಕ್ಕದ ವಾಕ್ಯಗಳನ್ನೇ ಸಾಕ್ಷಿಗೆ ಕರೆಯಬೇಕು.

ಕಚೇರಿ ಪತ್ರದ ‘ಶುಡ್ ಯು ನೀಡ್ ಹೆಲ್ಪ್’ ನೋಡಿ, ಸಹಾಯ ಬೇಕೇ ಬೇಕು ಎಂದು ಆಜ್ಞೆ ಮಾಡಿದ್ದಾರೆಂದು ಗಾಬರಿಯಾಗುವವರೂ ಇದ್ದಾರೆ. ಅಲ್ಲಿ ‘ಇಫ್’ ಮಾಯವಾಗಿ ಅದರ ಕುರ್ಚಿಯಲ್ಲಿ ‘ಶುಡ್’ ಕೂತಿದೆ, ಅಷ್ಟೇ. ‘ಹ್ಯಾಡ್ ಐ ನೋನ್’ ಎನ್ನುವುದರಲ್ಲಿಯೂ ನಡೆದಿರುವುದು ಇದೇ ಕುರ್ಚಿಯಾಟ.

ಇನ್ನು, ವ್ಯಾಕರಣ ಹೊಸದಾಗಿ ಕಲಿತವರ ಕಾಯಿಲೆ: ‘ಇಫ್’ ಕಂಡಲ್ಲೆಲ್ಲ ‘ವರ್’ ಬಳಿಯುವುದು. ‘ಇಫ್ ಐ ವರ್ ಯು’ ಸರಿ, ಏಕೆಂದರೆ ನಾನು ನೀವಾಗಲಾರೆ. ಆದರೆ ನಿನ್ನೆಯ ಜಗಳಕ್ಕೆ ಕ್ಷಮೆ ಕೇಳುವಾಗ ‘ಇಫ್ ಐ ವಾಸ್ ರೂಡ್ ಯೆಸ್ಟರ್‌ಡೇ, ಐ ಆ್ಯಮ್ ಸಾರಿ’ ಅನ್ನಬೇಕು. ಒರಟಾಗಿ ಆಡಿದ್ದಿರಬಹುದು ಎಂದು ಒಪ್ಪುವ ಮಾತದು. ಅಲ್ಲಿ ‘ವರ್’ ಹಾಕಿದರೆ ‘ನಾನೇನೂ ಒರಟಾಡಲಿಲ್ಲ ಬಿಡಿ’ ಎಂಬ ವಾಸನೆ ಹೊಡೆದು, ಕ್ಷಮಿಸಲು ಬಂದವರು ತೋಳೇರಿಸುತ್ತಾರೆ.