ಸಂಪಿನ ಪಂಪಿಗೂ ಒಂದು ಯುಪಿಎಸ್ ಬೇಕು

ಸಂಪು ಎಂದೊಡನೆ ಕರ್ನಾಟಕದಲ್ಲಿ ಬೆಳೆದವರ ಕಣ್ಣ ಮುಂದೆ ಬರುವುದು ನೀರು ಕೂಡಿಡುವ ತೊಟ್ಟಿ. ನಲ್ಲಿಯಲ್ಲಿ ನೀರು ಬಂದ ದಿನ ಅದು ತುಂಬುತ್ತದೆ, ಮೋಟರು ಹಾಕಿದರೆ ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರುತ್ತದೆ. ನಾನು ಈಗ ನೆಲೆಸಿರುವ ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ ಅದೇ ಹೆಸರಿನ ಗುಂಡಿಗೆ ಇದಕ್ಕೆ ನೇರ ವಿರುದ್ಧವಾದ ಕೆಲಸವಿದೆ. ನೆಲಮಾಳಿಗೆಯ ಮೂಲೆಯಲ್ಲಿ ಸುಮಾರು 18 ಇಂಚು ಅಗಲ, ಎರಡು ಅಡಿ ಆಳಕ್ಕೆ ತೆಗೆದ ಆ ಗುಂಡಿಗೆ ಬಂದು ಸೇರುವ ನೀರನ್ನು ಅದರಲ್ಲಿರುವ ಪಂಪು ತುಂಬಲು ಬಿಡದೆ ಮನೆಯಿಂದಾಚೆ ಎತ್ತಿ ಹಾಕಬೇಕು. ಅಲ್ಲಿ ಮೋಟರು ಕೆಟ್ಟರೆ ಸ್ನಾನಕ್ಕೆ ನೀರಿಲ್ಲ. ಇಲ್ಲಿ ಕೆಟ್ಟರೆ ಮನೆಯ ಕೆಳ ಅಂತಸ್ತಿನ ತುಂಬ ನೀರು.

ಚಳಿಗಾಲದಲ್ಲಿ ಇಲ್ಲಿನ ಮಣ್ಣು ಹಲವು ಅಡಿಗಳ ಆಳದವರೆಗೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಮನೆಯನ್ನು ಎತ್ತದಿರಲೆಂದು ಅಡಿಪಾಯವನ್ನು ಅದಕ್ಕಿಂತ ಕೆಳಗೆ ಇಳಿಸುತ್ತಾರೆ, ಹೇಗೂ ಅಗೆದದ್ದಾಯಿತೆಂದು ಆ ಜಾಗವನ್ನು ಕೋಣೆಯಾಗಿಸಿಕೊಳ್ಳುತ್ತಾರೆ. ಅಡಿಪಾಯದ ಸುತ್ತ ಹೂತ ತೂತುಳ್ಳ ಕೊಳವೆಗಳು ಮಣ್ಣಿನ ನೀರನ್ನು ಸಂಪಿಗೆ ತಂದು ಬಿಡುತ್ತವೆ. ಹಿಮ ಕರಗುವ ವಸಂತದಲ್ಲಿ ಮತ್ತು ಗುಡುಗು ಮಳೆಯ ಬೇಸಿಗೆಯಲ್ಲಿ ಪಂಪಿಗೆ ಬಿಡುವಿಲ್ಲದ ಕೆಲಸ.

ನಮ್ಮ ಪಂಪು ಸೋತದ್ದು ಅಂಥ ಜೂನ್ ತಿಂಗಳ ಒಂದು ರಾತ್ರಿ. ಹನ್ನೊಂದು ಗಂಟೆಯ ಹೊತ್ತಿಗೆ ಸಿಡಿಲು ಬಡಿದು ಕರೆಂಟು ಹೋಯಿತು. ಕರೆಂಟು ಹೋಗುವುದು ನಮಗೆ ಹೊಸತೇ ಎಂದುಕೊಂಡು ಮಲಗಿದೆವು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೆಲಮಾಳಿಗೆಯ ಮೆಟ್ಟಿಲ ಮೇಲಿನಿಂದ ಟಾರ್ಚು ಬಿಟ್ಟಾಗ ಕೊನೆಯ ಮೆಟ್ಟಿಲು ನೀರಿನಲ್ಲಿ ಮುಳುಗಿತ್ತು. ನೀರು ಕೆಸರಾಗಿರಲಿಲ್ಲ, ಮಣ್ಣಿನಲ್ಲಿ ಸೋಸಿ ಬಂದದ್ದರಿಂದ ತಿಳಿಯಾಗಿತ್ತು. ಅದರ ಕೆಳಗೆ ನೆಲಹಾಸಿನ ಹೂವುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಗೋಡೆಯ ಪಕ್ಕದ ರಟ್ಟಿನ ಪೆಟ್ಟಿಗೆಗಳಲ್ಲಿ ತೇವವು ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲಕ್ಕೆ ಏರಿತ್ತು. ಆ ಪೆಟ್ಟಿಗೆಗಳೊಂದರಲ್ಲಿ ನನ್ನ ತಂದೆತಾಯಿಯ ಮದುವೆಯ ಆಲ್ಬಮ್ ಇತ್ತು. ಪುಟಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದರೆ ಮುಖಗಳೇ ಕಿತ್ತುಬರುತ್ತಿದ್ದವು.

ಕರೆಂಟು ಹೋಗುವುದನ್ನು ನಿರೀಕ್ಷಿಸುತ್ತಲೇ ಬೆಳೆದ ನಾವು ಇಲ್ಲಿಗೆ ಬಂದ ಮೇಲೆ ಆ ಎಚ್ಚರವನ್ನು ಏಕೆ ಬಿಟ್ಟುಬಿಡುತ್ತೇವೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಊರಿನ ಮನೆಯಲ್ಲಿ ಎರಡು ಫ್ಯಾನು, ನಾಲ್ಕು ದೀಪ ಉರಿಸಲೆಂದು ಯುಪಿಎಸ್ ಇಟ್ಟುಕೊಳ್ಳುತ್ತೇವೆ, ಅದರ ಬ್ಯಾಟರಿಗೆ ತಿಂಗಳು ತಿಂಗಳು ಡಿಸ್ಟಿಲ್ಡ್ ವಾಟರ್ ಇದೆಯೇ ಎಂದು ನೋಡುತ್ತೇವೆ. ಇಲ್ಲಿ ಕರೆಂಟು ಹೋಗುವುದು ಅಪರೂಪ. ಆದರೆ ಹೋಗುವುದು ಬಹುಮಟ್ಟಿಗೆ ಬಿರುಗಾಳಿ ಮಳೆಯ ಹೊತ್ತಿನಲ್ಲೇ, ಅಂದರೆ ಪಂಪು ಅತ್ಯಂತ ಅಗತ್ಯವಾದ ಗಳಿಗೆಯಲ್ಲೇ. ಇಡೀ ಮನೆಯ ಕೆಳಭಾಗವನ್ನು ಕಾಯುವ ಯಂತ್ರವನ್ನು ಗೋಡೆಯ ಒಂದೇ ಸಾಕೆಟ್ಟಿಗೆ ನೇತುಹಾಕಿ, ಬ್ಯಾಟರಿಯನ್ನು ಬೇಕಾದವರು ಆಮೇಲೆ ಕೊಳ್ಳಬಹುದಾದ ಹೆಚ್ಚುವರಿ ಸಾಮಾನೆಂದು ಮಾರುವ ಇಲ್ಲಿನ ಪದ್ಧತಿ ತಪ್ಪೆಂದೇ ನನ್ನ ಅಭಿಪ್ರಾಯ. ಬ್ಯಾಟರಿಯಿಲ್ಲದ ಸಂಪ್ ಪಂಪು ಅರ್ಧ ಮಾತ್ರ ಅಳವಡಿಸಿದ ಪಂಪು.

ಇದಕ್ಕೆ ಕಂಪ್ಯೂಟರಿಗೆ ಇಡುವ ಚಿಕ್ಕ ಯುಪಿಎಸ್ ಸಾಲದು, ಏಕೆಂದರೆ ಮೋಟರು ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಸಾಮಾನ್ಯವಾಗಿ ಮಾಡುವುದೇನೆಂದರೆ, ಅದೇ ಗುಂಡಿಯಲ್ಲಿ 12 ವೋಲ್ಟಿನ ಇನ್ನೊಂದು ಚಿಕ್ಕ ಪಂಪನ್ನು ಕೂರಿಸಿ, ನೀರು ಏರಿದಾಗ ತೇಲಿ ಪಂಪನ್ನು ಹತ್ತಿಸುವ ಅದರ ಫ್ಲೋಟನ್ನು ಮೊದಲನೆಯದಕ್ಕಿಂತ ಸ್ವಲ್ಪ ಎತ್ತರದಲ್ಲಿಟ್ಟು, ಬಹಳ ಹೊತ್ತು ಕರೆಂಟು ಕೊಡಬಲ್ಲ ಡೀಪ್ ಸೈಕಲ್ ಬ್ಯಾಟರಿಗೆ ಜೋಡಿಸುತ್ತಾರೆ. ಹೀಗೆ ಮಾಡಿದರೆ ಕರೆಂಟು ಹೋದಾಗ ಮಾತ್ರವಲ್ಲ, ದೊಡ್ಡ ಪಂಪು ಸುಟ್ಟುಹೋದಾಗಲೂ ಎರಡನೆಯದು ತಾನಾಗಿ ಎಚ್ಚೆತ್ತುಕೊಳ್ಳುತ್ತದೆ. ನಗರದ ನಲ್ಲಿ ನೀರಿನ ಒತ್ತಡದಿಂದಲೇ ನಡೆಯುವ ಪಂಪುಗಳೂ ಉಂಟು. ಅವಕ್ಕೆ ಬ್ಯಾಟರಿ ಬೇಡವಾದರೂ ಕುಡಿಯುವ ನೀರು ಬಹಳ ಖರ್ಚಾಗುತ್ತದೆ, ಕೊಳಕು ನೀರು ನಲ್ಲಿಯ ಕೊಳವೆಗೆ ಹಿಮ್ಮುಖವಾಗಿ ಸೇರದಂತೆ ತಡೆಯೂ ಬೇಕು. ಸ್ವಂತ ಬೋರ್‌ವೆಲ್ ಇರುವ ಮನೆಗೆ ಇದು ಒಗ್ಗದು, ಕರೆಂಟು ಹೋದರೆ ಬೋರ್‌ವೆಲ್ಲಿನ ಪಂಪೂ ನಿಂತೇ ಹೋಗುತ್ತದೆ.

ಊರಿನ ಪಂಪಿಗೂ ಇಲ್ಲಿನದಕ್ಕೂ ಇರುವ ಇನ್ನೊಂದು ವ್ಯತ್ಯಾಸ ಕಿವಿಗೆ ಸಂಬಂಧಿಸಿದ್ದು. ನಮ್ಮಮ್ಮನಿಗೆ ಮೋಟರಿನ ಒಳಗೇನಿದೆ ಎಂದು ತಿಳಿಯದು, ಆದರೆ ಅಡುಗೆಮನೆಯಲ್ಲಿ ನಿಂತೇ ಸದ್ದು ಬದಲಾದದ್ದನ್ನು ಗುರುತಿಸಿ, “ಮೋಟರು ಏರ್ ಹಿಡಿದಿದೆ ನೋಡೋ, ನೀರು ಎತ್ತುತ್ತಾ ಇಲ್ಲ” ಎಂದು ಕೂಗುತ್ತಿದ್ದರು. ಕೈಯಾರೆ ಹಾಕಿ ಕೈಯಾರೆ ಆರಿಸುವ ಯಂತ್ರದೊಂದಿಗೆ ಮನೆಯವರಿಗೆ ಅಂಥ ಸಲಿಗೆ ಬೆಳೆಯುತ್ತದೆ. ಇಲ್ಲಿನ ಪಂಪು ಮುಚ್ಚಳದ ಕೆಳಗೆ, ಮುಚ್ಚಿದ ಬಾಗಿಲಿನ ಹಿಂದೆ ತಾನೇ ಓಡಿ ತಾನೇ ನಿಲ್ಲುವುದರಿಂದ ಅದು ನಿಂತೇಹೋದರೂ ಯಾರಿಗೂ ಗೊತ್ತಾಗುವುದಿಲ್ಲ.

ಹಾಗೆ ಸದ್ದಿಲ್ಲದೆ ಕೆಡುವ ಭಾಗಗಳಲ್ಲಿ ಮೊದಲನೆಯದು ಫ್ಲೋಟ್ ಸ್ವಿಚ್. ತಂತಿಯ ತುದಿಯಲ್ಲಿ ತೇಲುವ ಆ ಉಂಡೆ ಗುಂಡಿಯ ಗೋಡೆಗೆ ಆತುಕೊಂಡರೆ ನೀರು ಎಷ್ಟೇ ಏರಿದರೂ ಸ್ವಿಚ್ಚು ಹತ್ತುವುದಿಲ್ಲ. ಓಡುವ ಪಂಪಿನ ಅದುರಿಗೆ ಪಂಪೇ ಸ್ವಲ್ಪ ಸ್ವಲ್ಪ ಸರಿದು ಉಂಡೆಯನ್ನು ಗೋಡೆಯ ಕಡೆ ತಳ್ಳುವುದೂ ಉಂಟು. ಎರಡನೆಯದು, ಊರಿನ ಪ್ಲಂಬರುಗಳು ನಾನ್ ರಿಟರ್ನ್ ವಾಲ್ವ್ ಎನ್ನುವ, ಇಲ್ಲಿನವರು ಚೆಕ್ ವಾಲ್ವ್ ಎನ್ನುವ ಒಮ್ಮುಖದ ಬಾಗಿಲು. ಅದಕ್ಕೂ ಪಂಪಿಗೂ ನಡುವೆ ಗಾಳಿ ಸಿಕ್ಕಿಕೊಂಡರೆ ಪಂಪು ಗುಂಯ್‌ಗುಟ್ಟುತ್ತದೆ, ನೀರನ್ನು ಎತ್ತುವುದಿಲ್ಲ. ಊರಿನಲ್ಲಿ ನಾವು ನೀರು ಹೊಯ್ದು ಗಾಳಿ ತೆಗೆಯುವ ಕೆಲಸಕ್ಕೆ ಇಲ್ಲಿ ಕೊಳವೆಯಲ್ಲಿ ಇಂಚಿನ ಎಂಟನೇ ಒಂದು ಭಾಗದಷ್ಟು ಚಿಕ್ಕ ತೂತನ್ನು ಮೊದಲೇ ಕೊರೆದಿರುತ್ತಾರೆ. ಪಂಪು ಓಡುವಾಗ ಆ ತೂತಿನಿಂದ ಗುಂಡಿಯೊಳಗೆ ಸಣ್ಣಗೆ ನೀರು ಚಿಮ್ಮಬೇಕು. ನಾನು ಅದನ್ನು ಸೋರಿಕೆಯೆಂದು ತಿಳಿದು ಟೇಪು ಸುತ್ತಿದ್ದೆ. ದುರಸ್ತಿಗೆ ಬಂದಾತ ಮೊದಲು ಮಾಡಿದ ಕೆಲಸ ಅದನ್ನು ಬಿಚ್ಚಿದ್ದು. ಚಳಿಗಾಲದಲ್ಲಾದರೆ ಹೊರಗಿನ ಕೊಳವೆಯ ಬಾಯಲ್ಲಿ ಮಂಜುಗಡ್ಡೆ ಕಟ್ಟಿ ನೀರಿನ ದಾರಿಯೇ ಮುಚ್ಚಿಹೋಗಬಹುದು.

ಸಂಪಿಗೆ ಬರುವ ನೀರನ್ನೇ ಕಡಿಮೆ ಮಾಡುವ ಬಗ್ಗೆ ಜನ ಯೋಚಿಸುವುದು ಇನ್ನೂ ಕಡಿಮೆ. ಸಾವಿರ ಚದರ ಅಡಿಯ ಛಾವಣಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರಾಗುತ್ತದೆ. ಅದನ್ನು ಇಳಿಸುವ ಕೊಳವೆ ಗೋಡೆಯ ಬುಡದಲ್ಲೇ ಕೊನೆಗೊಂಡಿದ್ದರೆ ಅದರಲ್ಲಿ ಸಾಕಷ್ಟು ಪಾಲು ಮಣ್ಣಿಗಿಳಿದು ಸಂಪಿಗೇ ಬರುತ್ತದೆ, ಪಂಪು ಅದನ್ನೂ ಎತ್ತಬೇಕಾಗುತ್ತದೆ. ಗಾರೆ ಕೆಲಸದವರು ಬಚ್ಚಲಿಗೆ ವಾಟ ಕೊಟ್ಟದ್ದು ಸರಿಯೇ ಎಂದು ಒಂದು ಚೊಂಬು ನೀರು ಸುರಿದು ಪರೀಕ್ಷಿಸುವುದನ್ನು ನೋಡಿ ಬೆಳೆದ ನನಗೆ, ಮನೆಯ ಸುತ್ತಲಿನ ಮಣ್ಣಿಗೂ ವಾಟ ಬೇಕೆಂಬುದು ಹೊಳೆಯಲು ಒಂದು ನೆರೆ ಬೇಕಾಯಿತು. ಮೊದಲ ಹತ್ತು ಅಡಿಗಳಲ್ಲಿ ಆರು ಇಂಚು ಇಳಿಯಬೇಕೆಂಬುದು ಇಲ್ಲಿನ ಕಟ್ಟಡ ನಿಯಮಾವಳಿಯ ಲೆಕ್ಕ. ನಮ್ಮ ಮನೆಯ ಹಿಂಬದಿಯ ಮಣ್ಣು ವರ್ಷಗಳಿಂದ ಕುಸಿದು ಗೋಡೆಯ ಕಡೆಗೇ ಇಳಿಜಾರಾಗಿತ್ತು.

ನೀರು ನುಗ್ಗಿದ ಮೇಲೆ ಏನು ಮಾಡಬೇಕೆಂಬುದರಲ್ಲಿ ಮಾತ್ರ ಇಲ್ಲಿನವರ ಶಿಸ್ತನ್ನು ನಾವು ಕಲಿಯಬೇಕು. ಊರಿನಲ್ಲಾಗಿದ್ದರೆ ಪಂಚೆ ಮೇಲೆ ಕಟ್ಟಿ, ಬಕೆಟ್ಟು ಹಿಡಿದು ತಕ್ಷಣ ಇಳಿಯುತ್ತಿದ್ದೆ. ಸಾಕೆಟ್ಟುಗಳು ನೀರಿನಲ್ಲಿರುವಾಗ ಕರೆಂಟು ಯಾವ ಕ್ಷಣದಲ್ಲಾದರೂ ಮರಳಬಹುದೆಂದೂ, ಮೇನ್ ಸ್ವಿಚ್ಚು ನೆಲಮಾಳಿಗೆಯಲ್ಲೇ ಇದ್ದರೆ ಅದನ್ನು ಮುಟ್ಟಲು ನೀರಿನಲ್ಲಿ ನಡೆಯಬಾರದೆಂದೂ ಪಕ್ಕದ ಮನೆಯ ಹಿರಿಯರು ತಡೆದರು. ವಿದ್ಯುತ್ ಕಂಪನಿಯವರು ಬಂದು ಹೊರಗಿನಿಂದಲೇ ಸಂಪರ್ಕ ತಪ್ಪಿಸುವವರೆಗೆ ಮೆಟ್ಟಿಲ ಮೇಲೆ ಕುಳಿತೆ. ಹಲವು ಅಡಿ ನೀರು ನಿಂತ ಮನೆಗಳಲ್ಲಿ ಅದನ್ನು ಒಂದೇ ಸಲಕ್ಕೆ ಖಾಲಿ ಮಾಡಬಾರದು. ಹೊರಗಿನ ನೆನೆದ ಮಣ್ಣಿನ ಒತ್ತಡಕ್ಕೆ ಗೋಡೆ ಒಳಗೆ ಕುಸಿಯಬಹುದಾದ್ದರಿಂದ ಒಂದಡಿ ತೆಗೆದು, ಗೋಡೆಗೆ ಗುರುತು ಹಾಕಿ, ಒಂದು ರಾತ್ರಿ ಕಾದು ಮಟ್ಟ ಏರಿದೆಯೇ ಎಂದು ನೋಡಬೇಕು. ನೆನೆದದ್ದನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬೂಷ್ಟು ಹಿಡಿಯುವುದನ್ನು ಬಹುಮಟ್ಟಿಗೆ ತಡೆಯಬಹುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಹೊರಗೆ ಸುಮ್ಮನೆ ಒಣಗಿದಂತೆ ಕಾಣುವ ಜಿಪ್ಸಂ ಗೋಡೆಯ ಕೆಳಭಾಗವನ್ನು ಕತ್ತರಿಸಿ ತೆಗೆದಾಗ, ಚಳಿ ತಡೆಯಲೆಂದು ಅದರ ಹಿಂದೆ ತುಂಬಿದ್ದ ಹತ್ತಿಯಂಥ ಪದರವು ಹಿಂಡಿದರೆ ನೀರು ಸುರಿಯುವಷ್ಟು ನೆನೆದಿತ್ತು.

ಮನೆಯ ಸಾಮಾನ್ಯ ವಿಮೆ ಸಂಪು ಉಕ್ಕಿದ ನಷ್ಟವನ್ನು ಸಾಧಾರಣವಾಗಿ ಭರಿಸುವುದಿಲ್ಲ, ಅದಕ್ಕೆ ಪ್ರತ್ಯೇಕ ಸೇರ್ಪಡೆ ಬೇಕು. ವಿಮೆಯ ಪತ್ರವನ್ನು ಇಂದೇ ತೆಗೆದು ಓದಿ.

ಹೊಸದಾಗಿ ಇಲ್ಲಿ ಮನೆ ಕೊಳ್ಳುವ ಕನ್ನಡಿಗರು ಅಡುಗೆಮನೆಯ ಕಲ್ಲು, ಈಶಾನ್ಯದ ಬಾಗಿಲು ನೋಡುವಷ್ಟೇ ಶ್ರದ್ಧೆಯಿಂದ ಆ ಮೂಲೆಯ ಮುಚ್ಚಳವನ್ನೂ ಎತ್ತಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಎರಡು ಬಕೆಟ್ ನೀರು ಸುರಿಯಿರಿ, ಪಂಪು ಹತ್ತಿ ನೀರೆತ್ತಿ ನಿಲ್ಲುವವರೆಗೆ ಅಲ್ಲೇ ಇದ್ದು ಅದರ ಸದ್ದನ್ನು ಕೇಳಿಸಿಕೊಳ್ಳಿ. ಆಮೇಲೆ ಅದರ ಪ್ಲಗ್ಗನ್ನು ಕಿತ್ತು, ಇನ್ನೆರಡು ಬಕೆಟ್ ಸುರಿದು, ಏನಾಗುತ್ತದೆಂದು ನೋಡಿ.