ಮಂಗನ ಕಾಯಿಲೆಯ ಲಸಿಕೆಗೆ ಸರ್ಕಾರವೇ ಹಣ ಹಾಕಬೇಕು

ಅಡಿಕೆ ಕೊನೆ ಕೊಯ್ಲು, ದರಕು (ಉದುರಿದ ಒಣ ಎಲೆ) ಗುಡಿಸುವುದು, ಸೊಪ್ಪಿನ ಬೆಟ್ಟದ ಕೆಲಸ ಎಲ್ಲ ಬರುವುದು ಡಿಸೆಂಬರ್‌ನಿಂದ ಬೇಸಿಗೆಯೊಳಗೆ. ಕಾಡಿನಲ್ಲಿ ಈ ಕಾಯಿಲೆ ಹರಡುವ ಉಣುಗು ಹೆಚ್ಚುವುದೂ ಆಗಲೇ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನವರಿಗೆ ಕೈತುಂಬ ಕೆಲಸವಿರುವ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳು.

ಕಾಯಿಲೆ ಬಂದ ಮನೆಯ ಲೆಕ್ಕ ಹಾಕಿ ನೋಡಿ. ಸುಡುವ ಜ್ವರ, ಮೈಯೆಲ್ಲ ನೋವು, ಕೆಲವರಿಗೆ ರಕ್ತಸ್ರಾವ. ಬಿಟ್ಟಿತು ಅಂದುಕೊಂಡ ಜ್ವರ ಕೆಲವರಿಗೆ ವಾರ ಕಳೆದು ಮರುಕಳಿಸುತ್ತದೆ. ನೂರು ಜನರಲ್ಲಿ 3ರಿಂದ 5 ಮಂದಿ ಬದುಕುವುದಿಲ್ಲ. ಬದುಕಿದವರಲ್ಲೂ ಎಷ್ಟೋ ಜನ ಬಹಳ ದಿನ ಸುಸ್ತಿನಲ್ಲೇ ಇರುತ್ತಾರೆ, ಮೊದಲಿನಂತೆ ಹೊರೆ ಹೊರಲಾಗುವುದಿಲ್ಲ. ರೋಗಿಯ ಜೊತೆ ಆಸ್ಪತ್ರೆಯಲ್ಲಿ ನಿಂತವರ ಕೂಲಿಯೂ ಹೋಯಿತು. ಚಿಕಿತ್ಸೆಯ ಬಿಲ್ಲನ್ನು ಸರ್ಕಾರವೇ ಕಟ್ಟಿದರೂ ಘಟ್ಟ ಇಳಿದು ಹೋಗಿಬರುವ ಖರ್ಚು, ಊಟ, ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದ ದನಕರು, ಸೊಸೈಟಿ ಸಾಲದ ಬಡ್ಡಿ ಯಾವ ಕಡತಕ್ಕೂ ಸೇರುವುದಿಲ್ಲ. 2024ರಲ್ಲಿ ಸಿದ್ದಾಪುರ ತಾಲೂಕು ಇದನ್ನೆಲ್ಲ ಅನುಭವಿಸಿತು, ಜೀವಗಳನ್ನೂ ಕಳೆದುಕೊಂಡಿತು.

ರೋಗ ಹೊಸದಲ್ಲ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ವೈರಸ್ ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಆ ಕೇಂದ್ರ ಅದಕ್ಕೂ ಐದು ವರ್ಷ ಮೊದಲೇ ಶುರುವಾಗಿತ್ತು. ಆ ಐದು ವರ್ಷದ ಖರ್ಚನ್ನು ಆಗ ಯಾರಾದರೂ ದಂಡ ಎಂದಿದ್ದರೆ? ಮುಂದೆ 1990ರಿಂದ ನಮ್ಮ ಊರುಗಳಿಗೆ ಬಂದ ಲಸಿಕೆ ತಯಾರಾದದ್ದು ಬೆಂಗಳೂರು ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲಿ. ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಆಶಾ ಕಾರ್ಯಕರ್ತೆಯರು ಕೊಡುವ ಡೆಪಾ ಎಣ್ಣೆಯ ಮೂಲವೂ ರಕ್ಷಣಾ ಇಲಾಖೆಯ ಗ್ವಾಲಿಯರ್ ಪ್ರಯೋಗಾಲಯವೇ.

ಖಾಸಗಿ ಕಂಪನಿ ತಾನಾಗಿ ಈ ಕೆಲಸಕ್ಕೆ ಬರುವುದಿಲ್ಲ. ಪಶ್ಚಿಮ ಘಟ್ಟದ ಒಂದಷ್ಟು ತಾಲೂಕುಗಳ ಕೂಲಿಯವರು, ಸಣ್ಣ ಹಿಡುವಳಿದಾರರು ಅವರ ಕಣ್ಣಿಗೆ ಮಾರುಕಟ್ಟೆಯೇ ಅಲ್ಲ. ಹಾಗಿರುವಾಗ ಸರ್ಕಾರವೂ ಕೈಬಿಟ್ಟರೆ ಏನಾಗುತ್ತದೆ ಎಂದು ನೋಡಿದ್ದೇವೆ. ಹಳೆಯ ಲಸಿಕೆಯ ಶಕ್ತಿ ಕುಂದುತ್ತಿದೆ ಎಂದು ಗೊತ್ತಾದ ಮೇಲೂ ಹೊಸದರ ಕೆಲಸ ಹೊತ್ತಿಗೆ ಸರಿಯಾಗಿ ಆಗಲಿಲ್ಲ. ಹಳೆಯದು ನಿಂತುಹೋಯಿತು, ಅದರ ಜಾಗಕ್ಕೆ ಕೊಡಲು ಏನೂ ಇರಲಿಲ್ಲ. ಆ ನಡುವಿನ ವರ್ಷಗಳ ಬೆಲೆ ತೆತ್ತವರು ಕಾಡಂಚಿನ ಜನ. ನನಗೆ ಇದು ಸಿಟ್ಟು ಬರಿಸುವ ವಿಷಯ.

ಸಂಶೋಧನೆಗೆ ಹಾಕಿದ್ದು ಮರಳಿ ಬರುವುದಿಲ್ಲ ಅನ್ನುವವರು ಕೋವಿಡ್ ಲಸಿಕೆ ಕೋವ್ಯಾಕ್ಸಿನ್ ಲೆಕ್ಕ ನೋಡಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದಕ್ಕೆ ಹಾಕಿದ್ದು ಸುಮಾರು 35 ಕೋಟಿ ರೂಪಾಯಿ. 2022ರ ಆರಂಭದ ಹೊತ್ತಿಗೇ ರಾಯಧನವಾಗಿ (ರಾಯಲ್ಟಿ) ಬಂದದ್ದು 170 ಕೋಟಿಗೂ ಹೆಚ್ಚು. ಮಂಗನ ಕಾಯಿಲೆ ಲಸಿಕೆಯಿಂದ ಇಂಥ ರಾಯಧನ ಬರಲಿಕ್ಕಿಲ್ಲ. ಅದರ ಲಾಭ ಬರುವುದು ತಪ್ಪದ ಕೂಲಿಯಲ್ಲಿ, ನಿಲ್ಲದ ಕೊಯ್ಲಿನಲ್ಲಿ, ಖಾಲಿ ಉಳಿದ ಐಸಿಯು ಹಾಸಿಗೆಯಲ್ಲಿ.

"ಮೊದಲು ಜಿಲ್ಲೆಗೆ ಒಳ್ಳೆಯ ಆಸ್ಪತ್ರೆ ಕೊಡಿ, ಸಂಶೋಧನೆ ಆಮೇಲೆ" ಎನ್ನುವ ಮಾತೂ ಇದೆ. ಆಸ್ಪತ್ರೆ ಬೇಕೇ ಬೇಕು, ಆ ಹೋರಾಟದ ಜೊತೆ ನಾನೂ ಇದ್ದೇನೆ. ಆದರೆ ಈ ವೈರಸ್ಸಿಗೆಂದೇ ಔಷಧಿ ಇಲ್ಲ. ಎಂಥ ದೊಡ್ಡ ಆಸ್ಪತ್ರೆಯಾದರೂ ಜ್ವರ, ರಕ್ತಸ್ರಾವ ನೋಡಿಕೊಳ್ಳಬಹುದು ಅಷ್ಟೇ.

ಈಗ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯ ಕೆಲಸಕ್ಕೆ ಇಳಿದಿದೆ. ನಮ್ಮ ಶಾಸಕರು, ಸಂಸದರು ಲಸಿಕೆ ಬಂದ ದಿನ ಫೋಟೋಕ್ಕೆ ನಿಂತರೆ ಸಾಲದು. ಅದರ ಶಕ್ತಿ ವರ್ಷ ವರ್ಷಕ್ಕೆ ಎಷ್ಟು ಉಳಿಯುತ್ತದೆ, ವೈರಸ್ ಬದಲಾಗುತ್ತಿದೆಯೇ, ಉಣುಗು ಯಾವ ಹೊಸ ಕಾಡಿಗೆ ಹಬ್ಬಿದೆ ಎಂದು ನೋಡುತ್ತಲೇ ಇರಲು ಬಜೆಟ್ಟಿನಲ್ಲಿ ಕಾಯಂ ಹಣ ಇಡಿಸಬೇಕು, ಕಾಯಿಲೆ ಇಲ್ಲದ ವರ್ಷವೂ.